ಎಲೆ ಹಂಚುವವರ ಅನ್ನ ಯಾರ ಕೈಯಲ್ಲಿದೆ?

ಪೋಕರ್ ಮೇಜಿನಿಂದ ಜೇಬು ಖಾಲಿ ಮಾಡಿಕೊಂಡು ಎದ್ದವರು ಎದುರು ಕೂತು ಗೆದ್ದವನಿಗಿಂತ ಮೊದಲು ಎಲೆ ಹಂಚಿದವರನ್ನು ಬೈಯುತ್ತಾರೆ. 'ಆ ಡೀಲರ್ ಬಂದಾಗಿನಿಂದ ಮೂರನೇ ಸೀಟಿನವನಿಗೇ ಎಕ್ಕ ಬೀಳ್ತಾ ಇತ್ತು' ಎನ್ನುವ ಮಾತನ್ನು ಲಾಸ್ ವೇಗಸ್‌ನಲ್ಲೂ ಕೇಳಬಹುದು, ಪಣಜಿಯ ಮಾಂಡವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳಲ್ಲೂ ಕೇಳಬಹುದು. ಈ ದೂರು ಬಹುಪಾಲು ಸುಳ್ಳು. ನಮ್ಮ ಡೀಲರ್‌ಗಳು ಪಕ್ಷಪಾತ ಮಾಡುವುದೇ ಇಲ್ಲ ಎಂದು ಕ್ಯಾಸಿನೊದವರು ಕೊಡುವ ಭರವಸೆಯೂ ಸುಳ್ಳೇ. ಪಕ್ಷಪಾತ ಇದೆ, ಸೋತವರು ಹುಡುಕುವ ಜಾಗದಲ್ಲಿ ಮಾತ್ರ ಇಲ್ಲ. ನಿಯಮವನ್ನು ಯಾರ ಮೇಲೆ ಬಿಗಿಯಾಗಿ, ಯಾರ ಮೇಲೆ ಸಡಿಲವಾಗಿ ನಡೆಸುತ್ತಾರೆ ಎಂಬಲ್ಲಿ ಅದು ಇದೆ. ಅದರ ಬೇರು ಡೀಲರ್‌ಗಳ ಸ್ವಭಾವಕ್ಕಿಂತ ಹೆಚ್ಚಾಗಿ ಅವರ ಸಂಪಾದನೆಯ ವ್ಯವಸ್ಥೆಯಲ್ಲಿದೆ ಎಂಬುದು ನನ್ನ ವಾದ.

ಮೊದಲು ಎಲೆಯ ವಿಚಾರ ಮುಗಿಸೋಣ. ಪೋಕರ್‌ನಲ್ಲಿ ಡೀಲರ್ ಆಟಗಾರರಲ್ಲ. ಆಟ ನಡೆಯುವುದು ಮೇಜಿನ ಸುತ್ತ ಕೂತ ಎಂಟೊಂಬತ್ತು ಜನರ ನಡುವೆ. ಕ್ಯಾಸಿನೊ ಪ್ರತಿ ಪಾಟ್‌ನಿಂದ, ಅಂದರೆ ಒಂದು ಆಟದಲ್ಲಿ ಎಲ್ಲರೂ ಕಟ್ಟಿದ ಹಣದಿಂದ, 'ರೇಕ್' ಎಂಬ ಪಾಲು ತೆಗೆದುಕೊಳ್ಳುತ್ತದೆ, ಯಾರು ಗೆದ್ದರೂ ಅದಕ್ಕೆ ಒಂದೇ. ಡೀಲರ್ ಎಲೆಗಳನ್ನು ಮೇಜಿನ ಮೇಲೆ ಹರಡಿ ಎರಡೂ ಅಂಗೈಯಿಂದ ಕದಡುತ್ತಾರೆ, ಕಟ್ಟನ್ನು ಇಬ್ಭಾಗ ಮಾಡಿ ಒಂದರೊಳಗೊಂದು ಹೆಣೆದು ಕಲೆಸುತ್ತಾರೆ, ನಡುವೆ ಒಮ್ಮೆ ಸಣ್ಣ ಸಣ್ಣ ಕಂತೆಗಳಾಗಿ ಎಳೆದು ಮಗುಚುತ್ತಾರೆ, ಆಮೇಲೆ ಕಟ್ ಮಾಡುತ್ತಾರೆ. ಕಟ್ಟಿನ ತಳದ ಎಲೆ ಯಾರ ಕಣ್ಣಿಗೂ ಬೀಳದಂತೆ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಮೇಜಿನ ಮಧ್ಯಕ್ಕೆ ಎಲೆ ಬಿಚ್ಚುವ ಮೊದಲು ಮೇಲಿನ ಒಂದನ್ನು ಪಕ್ಕಕ್ಕೆ ಹಾಕುತ್ತಾರೆ. ತಲೆಯ ಮೇಲೆ ಕ್ಯಾಮೆರಾ ಇರುತ್ತದೆ. ಅರ್ಧ ಗಂಟೆಗೊಮ್ಮೆ ಡೀಲರ್ ಬದಲಾಗುತ್ತಾರೆ. ಎಷ್ಟೋ ಕಡೆ ಎಲೆ ಕಲೆಸುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಿದ್ದಾರೆ. 52 ಎಲೆಗಳ ಕಟ್ಟು ಸರಿಯಾಗಿ ಬೆರೆಯಬೇಕಾದರೆ ಏಳು ಸಲ ಹೆಣೆದು ಕಲೆಸಬೇಕು ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಕೊನಿಸ್ 1992ರಲ್ಲಿ ಗಣಿತದಿಂದ ತೋರಿಸಿದರು. ಮೇಜಿನಲ್ಲಿ ಅಷ್ಟು ಸಲ ಕಲೆಸುವುದಿಲ್ಲ ಎಂಬುದು ನಿಜ. ಆದರೆ ಬೆರೆಕೆ ಅಪೂರ್ಣವಾದ ಮಾತ್ರಕ್ಕೆ ಒಳ್ಳೆಯ ಎಲೆಯನ್ನು ಬೇಕಾದವರ ಮುಂದೆ ಬೀಳಿಸಲು ಆಗುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಪಳಗಿದ ಕಳ್ಳಗೈ ಬೇಕು.

ಹಾಗಾದರೆ ಮೂರನೇ ಸೀಟಿನವನಿಗೆ ಎಕ್ಕ ಬಿದ್ದದ್ದು ಹೇಗೆ? ಕೈಗೆ ಎರಡು ಎಕ್ಕ ಬರುವ ಸಾಧ್ಯತೆ 221ರಲ್ಲಿ ಒಂದು. ಗಂಟೆಗೆ 30 ಆಟ ನಡೆದರೆ, ಗೊತ್ತಾದ ಒಂದು ಸೀಟಿನವನಿಗೆ ಆ ಗಂಟೆಯಲ್ಲಿ ಒಮ್ಮೆಯಾದರೂ ಎಕ್ಕದ ಜೋಡಿ ಬರುವ ಸಾಧ್ಯತೆ ಹೆಚ್ಚುಕಡಿಮೆ ಎಂಟರಲ್ಲಿ ಒಂದು. ಒಂಬತ್ತು ಜನರ ಮೇಜಿನಲ್ಲಿ ಯಾರಿಗಾದರೂ ಬರುವುದಂತೂ ದಿನನಿತ್ಯದ ಸಂಗತಿ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ 1983ರಲ್ಲಿ ಬಾಜಿ ಕಟ್ಟುವವರ ಮಾತನ್ನು ಅಧ್ಯಯನ ಮಾಡಿದಾಗ, ಅವರು ಗೆಲುವನ್ನು ಸಹಜವೆಂದು ಒಪ್ಪಿ ಮುಂದೆ ಸಾಗುವುದೂ ಸೋಲಿಗೆ ಮಾತ್ರ ಉದ್ದುದ್ದ ಕಾರಣ ಹುಡುಕುವುದೂ ಕಂಡುಬಂತು. ಎಲೆ ಕೊಟ್ಟ ಕೈ ಆ ಹುಡುಕಾಟಕ್ಕೆ ಸುಲಭವಾಗಿ ಸಿಗುತ್ತದೆ.

ಎಲೆಯಲ್ಲೇ ಮೋಸ ನಡೆದ ಉದಾಹರಣೆಗಳಿಲ್ಲವೇ? ಇವೆ. ಅಮೆರಿಕದ 'ಟ್ರಾನ್' ಎಂಬ ಗುಂಪು 2002ರಿಂದ ಕೆಲವು ವರ್ಷ ಅಲ್ಲಿನ ಮತ್ತು ಕೆನಡಾದ ಕ್ಯಾಸಿನೊಗಳ ಡೀಲರ್‌ಗಳಿಗೆ ಲಂಚ ಕೊಟ್ಟು, ಎಲೆ ಕಲೆಸಿದಂತೆ ನಟಿಸುವ ಕೈಚಳಕ ಮಾಡಿಸಿ, ಲಕ್ಷಾಂತರ ಡಾಲರ್ ದೋಚಿತು. ಅವರು ಹೆಚ್ಚಾಗಿ ಆಡಿದ್ದು ಬ್ಯಾಕರಾ ಮತ್ತು ಬ್ಲ್ಯಾಕ್‌ಜ್ಯಾಕ್, ಹಣ ಹೋದದ್ದು ಕ್ಯಾಸಿನೊದ್ದು. ತನ್ನ ಹಣ ಹೋದಾಗ ಕ್ಯಾಸಿನೊ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತದೆ, ಕೊನೆಗೆ ಕಳ್ಳರು ಸಿಕ್ಕಿಬೀಳುತ್ತಾರೆ. ನಾನು ಹೇಳಹೊರಟ ಪಕ್ಷಪಾತದಲ್ಲಿ ಕ್ಯಾಸಿನೊಗೆ ಒಂದು ಪೈಸೆ ನಷ್ಟವಿಲ್ಲ, ಆದ್ದರಿಂದಲೇ ಅದನ್ನು ಯಾರೂ ಕಾಯುವುದಿಲ್ಲ.

ಅದು ಹೇಗಿರುತ್ತದೆಂದು ಹತ್ತಿರದಿಂದ ನೋಡಿ. ಸಣ್ಣ ಮೊತ್ತದ ಆಟ. ದಿನವೂ ಬರುವ, ಎಲ್ಲ ಡೀಲರ್‌ಗಳ ಹೆಸರು ಬಲ್ಲ, ಪಾಟ್ ಗೆದ್ದಾಗಲೆಲ್ಲ ಒಂದೆರಡು ಚಿಪ್ ಅವರ ಕಡೆ ಸರಿಸುವ ಆಟಗಾರನೊಬ್ಬ, ಎದುರಾಳಿ 15 ಡಾಲರ್ ಕಟ್ಟಿದಾಗ, ಬಾಯಿಬಿಟ್ಟು ಏನೂ ಹೇಳದೆ 15 ಡಾಲರ್‌ನ ಚಿಪ್ಸ್ ಮುಂದಿಡುತ್ತಾನೆ. ಎದುರಿನವರ ಮುಖ ನೋಡುತ್ತಾನೆ, ಮತ್ತೆ ತನ್ನ ರಾಶಿಗೆ ಕೈ ಹಾಕಿ ಇನ್ನೂ 30 ಇಡುತ್ತಾನೆ. ಹೀಗೆ ಎರಡು ಕಂತಿನಲ್ಲಿ ಹಣ ಕಟ್ಟುವುದಕ್ಕೆ 'ಸ್ಟ್ರಿಂಗ್ ಬೆಟ್' ಎನ್ನುತ್ತಾರೆ. ಮೊದಲ ಕಂತಿಗೆ ಎದುರಾಳಿಯ ಮುಖ ಹೇಗಾಗುತ್ತದೆಂದು ನೋಡಿಕೊಂಡು ಎರಡನೆಯದನ್ನು ನಿರ್ಧರಿಸುವ ಅವಕಾಶ ಸಿಗುತ್ತದೆಂದು ನಿಯಮ ಅದನ್ನು ಒಪ್ಪುವುದಿಲ್ಲ, ಮೊದಲ ಕಂತು ಮಾತ್ರ ಲೆಕ್ಕಕ್ಕೆ. ಆದರೆ ಡೀಲರ್ ತಲೆಯಾಡಿಸಿ 'ರೈಸ್, ನಲವತ್ತೈದು' ಎಂದು ಸಾರುತ್ತಾರೆ. ಮೇಜಿನವರು ಯಾರೂ ತಕರಾರು ಎತ್ತುವುದಿಲ್ಲ. ಹತ್ತು ನಿಮಿಷದ ಮೇಲೆ ಮೊದಲ ಸಲ ಬಂದ ಹುಡುಗನೊಬ್ಬ ರಾಜರ ಜೋಡಿ ಹಿಡಿದು, ಕೈ ನಡುಗುತ್ತ, ಇದೇ ತಪ್ಪು ಮಾಡುತ್ತಾನೆ. 'ಸ್ಟ್ರಿಂಗ್ ಬೆಟ್. ಬರೀ ಕಾಲ್', ಅಂದರೆ ಎದುರಾಳಿ ಕಟ್ಟಿದಷ್ಟೇ ಲೆಕ್ಕ, ಎಂದು ಅದೇ ಡೀಲರ್ ಅವನ 30 ಡಾಲರನ್ನು ಹಿಂದಕ್ಕೆ ತಳ್ಳುತ್ತಾರೆ. 45 ಕೊಡಬೇಕಾಗಿದ್ದರೆ ಎಲೆ ಕೆಳಗಿಡುತ್ತಿದ್ದ ಎದುರಾಳಿ 15ಕ್ಕೇ ಆಟದಲ್ಲಿ ಉಳಿದು, ಮುಂದಿನ ಎಲೆಗಳಲ್ಲಿ ಅದೃಷ್ಟ ಕುದುರಿ, ಹುಡುಗನ ಮುಂದಿದ್ದ ರಾಶಿಯನ್ನೆಲ್ಲ ಬಾಚಿಕೊಳ್ಳುತ್ತಾನೆ.

ಆ ಹುಡುಗ ದೂರು ಕೊಟ್ಟರೆ ಏನಾಗುತ್ತದೆ? ಫ್ಲೋರ್ ಸೂಪರ್‌ವೈಸರ್ ಬರುತ್ತಾರೆ, ಕೇಳುತ್ತಾರೆ, ಡೀಲರ್ ಮಾಡಿದ್ದು ಸರಿ ಎನ್ನುತ್ತಾರೆ. ಅವರ ಮಾತೂ ಸರಿಯೇ. ಹುಡುಗನ ವಿಷಯದಲ್ಲಿ ಡೀಲರ್ ನಿಯಮದ ಪ್ರಕಾರವೇ ನಡೆದರು. ತಪ್ಪು ನಡೆದದ್ದು ಹತ್ತು ನಿಮಿಷ ಮೊದಲು, ಹಳಬನ ವಿಷಯದಲ್ಲಿ. ಆಗ ಅದನ್ನು ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಎರಡು ತೀರ್ಪುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದು ಸಣ್ಣ ಔದಾರ್ಯ, ಇನ್ನೊಂದು ಶುದ್ಧ ನಿಯಮಪಾಲನೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಅನ್ಯಾಯ ಕಾಣುವುದು. ಹಾಗೆ ಪಕ್ಕಪಕ್ಕ ಇಟ್ಟು ನೋಡುವ ಏರ್ಪಾಡು ಯಾವ ಕ್ಯಾಸಿನೊ ಕ್ಯಾಮೆರಾಗೂ ಇಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುವ ದೂರಿಗೆ ಎರಡೂ ಕಣ್ಣಿನ ಸಾಕ್ಷಿ ಬೇಕು, ಇಲ್ಲಿ ಸುಣ್ಣ ಬಿದ್ದ ಕಣ್ಣಿನ ಸಾಕ್ಷಿ ಮಾತ್ರ ಇರುತ್ತದೆ.

ಇಂಥ ಸಂದರ್ಭಗಳು ಒಂದೆರಡಲ್ಲ. ಕೊನೆಯಲ್ಲಿ ಎಲೆ ತೋರಿಸುವ ಹೊತ್ತಿಗೆ ಹಳಬನೊಬ್ಬ ಸೋತೆನೆಂದುಕೊಂಡು ಎಲೆ ಬಿಸಾಡಲು ಹೊರಟರೆ 'ಮಗುಚಿ ಇಡಿ ಸಾರ್, ನೋಡೋಣ' ಎನ್ನುವ ಡೀಲರ್, ಅಪರಿಚಿತ ಬಿಸಾಡಿದ ಎಲೆಯನ್ನು ಥಟ್ಟನೆ ಬಾಚಿ ಕಸದ ರಾಶಿಗೆ ಸೇರಿಸಬಹುದು. ಮಗುಚಿ ಇಟ್ಟ ಎಲೆ ತಾನೇ ಮಾತನಾಡುತ್ತದೆ ಎಂಬುದು ಆಟದ ನಿಯಮ. ಮಗುಚುವ ಮೊದಲೇ ರಾಶಿಗೆ ಸೇರಿದ ಎಲೆಗೆ ಬಾಯಿಲ್ಲ. ಯೋಚಿಸಲು ಒಬ್ಬನಿಗೆ ಎರಡು ನಿಮಿಷ ಸಿಗುತ್ತದೆ, ಇನ್ನೊಬ್ಬನಿಗೆ ಅರ್ಧ ನಿಮಿಷಕ್ಕೇ 'ಬೇಗ' ಎಂಬ ಎಚ್ಚರಿಕೆ ಬರುತ್ತದೆ. ಒಬ್ಬನ ಒರಟು ಮಾತಿಗೆ ನಗು, ಇನ್ನೊಬ್ಬನ ಅದೇ ಮಾತಿಗೆ ಫ್ಲೋರ್‌ಗೆ ಕರೆ. ಒಂಟಿಯಾಗಿ ಬಂದು ಕೂತ ಹೆಣ್ಣುಮಗಳನ್ನು ಪಕ್ಕದವನು ಕೆಣಕುತ್ತಿದ್ದರೂ, ಅವನು ಕೈತುಂಬ ಟಿಪ್ಸ್ ಕೊಡುವವನಾದರೆ, ಕಿವಿಗೆ ಬೀಳದಂತೆ ಕೂರುವುದೂ ಪಕ್ಷಪಾತವೇ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ಹಣ ಕಳೆದುಕೊಂಡವರು ಇನ್ನೊಂದು ದಿನ ಗೆಲ್ಲಬಹುದು, ಅವಮಾನಗೊಂಡು ಎದ್ದುಹೋದವರು ಮತ್ತೆ ಆ ಮೇಜಿಗೆ ಬರುವುದಿಲ್ಲ.

ಮುಖ ನೋಡಿ ಮಣೆ ಹಾಕುವ ಈ ಬುದ್ಧಿ ಡೀಲರ್‌ಗಳಿಗೆ ಎಲ್ಲಿಂದ ಬರುತ್ತದೆ? ಕ್ಯಾಸಿನೊ ಉದ್ಯಮದ ತವರಾದ ಲಾಸ್ ವೇಗಸ್‌ನ ಲೆಕ್ಕ ನೋಡಿ. ನೆವಾಡಾದ ಕನಿಷ್ಠ ವೇತನ 2024ರ ಜುಲೈನಿಂದ ಗಂಟೆಗೆ 12 ಡಾಲರ್. ಡೀಲರ್‌ಗಳ ಸಂಬಳ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ. ಮನೆ ನಡೆಯುವುದು ಟಿಪ್ಸ್‌ನಿಂದ. ಸಣ್ಣ ಆಟದಲ್ಲಿ ಪಾಟ್ ಗೆದ್ದವನು ಒಂದು ಡಾಲರ್ ಕೊಡುವುದು ಅಲ್ಲಿನ ರೂಢಿ. ಬ್ಲ್ಯಾಕ್‌ಜ್ಯಾಕ್, ರೂಲೆಟ್ ಮೇಜುಗಳಲ್ಲಿ ಬಂದ ಟಿಪ್ಸ್ ಎಲ್ಲವೂ ಒಂದು ಡಬ್ಬಿಗೆ ಬಿದ್ದು ಆ ದಿನ ದುಡಿದ ಎಲ್ಲ ಡೀಲರ್‌ಗಳಿಗೂ ಹಂಚಿಕೆಯಾಗುತ್ತದೆ. ಪೋಕರ್ ಕೋಣೆಗಳಲ್ಲಿ ಹೆಚ್ಚಾಗಿ ಹಾಗಲ್ಲ, ಅವರವರ ಟಿಪ್ಸ್ ಅವರವರಿಗೆ. ಅಂದರೆ ಎದುರು ಕೂತ ಒಂಬತ್ತು ಜನರ ನಡುವೆ ತಕ್ಕಡಿ ಹಿಡಿಯಬೇಕಾದ ವ್ಯಕ್ತಿಯ ಆ ಅರ್ಧ ಗಂಟೆಯ ಕೂಲಿ ನಿರ್ಧಾರವಾಗುವುದು ಅದೇ ಒಂಬತ್ತು ಜನರ ಕೈಯಲ್ಲಿ. ಯಾರು ಕೊಡುತ್ತಾರೆ, ಯಾರು ಕೊಡುವುದಿಲ್ಲ, ಯಾರು ಮುನಿಸಿಕೊಂಡರೆ ನಾಳೆಯಿಂದ ಕೊಡುವುದನ್ನು ನಿಲ್ಲಿಸುತ್ತಾರೆ ಎಂಬುದು ಅವರಿಗೆ ಹೆಸರು ಹೆಸರಾಗಿ ಗೊತ್ತು. ನ್ಯಾಯಾಧೀಶರಿಗೆ ಕಕ್ಷಿದಾರರೇ ಸಂಬಳ ಕೊಡುವಂಥ ಏರ್ಪಾಡು ಇದು. ಇದರಲ್ಲಿ ಸಮಚಿತ್ತದಿಂದ ನಡೆದುಕೊಳ್ಳುವ ಡೀಲರ್‌ಗಳು ನೂರಾರು ಜನ ಇದ್ದಾರೆ, ಅವರಿಗೆ ನಮಸ್ಕಾರ. ಅವರು ಹಾಗಿರುವುದು ವ್ಯವಸ್ಥೆಯ ದೆಸೆಯಿಂದಲ್ಲ, ವ್ಯವಸ್ಥೆ ಹೀಗಿದ್ದರೂ ಹಾಗಿದ್ದಾರೆ.

ಟಿಪ್ಸ್ ಕೊಡುವುದು ಪಾಟ್ ಗೆದ್ದ ಮೇಲೆ, ತೀರ್ಪೆಲ್ಲ ಮುಗಿದ ಮೇಲೆ, ಅದರಿಂದ ಪಕ್ಷಪಾತ ಹೇಗೆ ಬರುತ್ತದೆ ಎಂದು ಕೇಳುವವರಿದ್ದಾರೆ. ಪೋಕರ್ ಒಂದೇ ಆಟಕ್ಕೆ ಮುಗಿದುಹೋಗುವುದಾಗಿದ್ದರೆ ಈ ಮಾತು ನಿಲ್ಲುತ್ತಿತ್ತು. ಹಳಬ ನಾಳೆಯೂ ಬರುತ್ತಾನೆ, ಹೊಸಬ ವಿಮಾನ ಹತ್ತಿ ಹೋಗುತ್ತಾನೆ. ಇಂದಿನ ಸಡಿಲಿಕೆಗೆ ನಾಳೆ ಪ್ರತಿಫಲವಿದೆ, ಇಂದಿನ ಬಿಗಿಗೆ ನಾಳೆ ಶಿಕ್ಷೆಯಿಲ್ಲ. ಇಷ್ಟು ಸಾಕು. ಬೇಕೆಂದೇ ಯಾರೂ ಮೋಸ ಮಾಡಬೇಕಿಲ್ಲ, ಮನಸ್ಸು ತಾನಾಗಿಯೇ ಆ ಕಡೆ ವಾಲುತ್ತದೆ.

ಡೀಲರ್‌ಗಳದೇ ಇನ್ನೊಂದು ವಾದವಿದೆ, ಅದಕ್ಕೆ ತೂಕವೂ ಇದೆ. ಟಿಪ್ಸ್ ಒಟ್ಟುಗೂಡಿಸಿ ಹಂಚಿದರೆ ಚುರುಕಾಗಿ, ತಪ್ಪಿಲ್ಲದೆ, ನಗುನಗುತ್ತ ಗಂಟೆಗೆ ಹೆಚ್ಚು ಆಟ ನಡೆಸುವವರಿಗೂ ಆಕಳಿಸುತ್ತ ಎಲೆ ಹಾಕುವವರಿಗೂ ಒಂದೇ ಪಾಲು ಸಿಗುತ್ತದೆ, ಇದು ಯಾವ ನ್ಯಾಯ? ಜೊತೆಗೆ ಹಂಚಿಕೆಯ ಡಬ್ಬಿಗೆ ಮಾಲೀಕರ ಕೈ ಬರುವ ಭಯವೂ ಇದೆ. ಆ ಭಯಕ್ಕೆ ಆಧಾರ ಇಲ್ಲದಿಲ್ಲ. ವಿನ್ ಲಾಸ್ ವೇಗಸ್ 2006ರಲ್ಲಿ ಡೀಲರ್‌ಗಳ ಟಿಪ್ಸ್‌ನಲ್ಲಿ ಅವರ ಮೇಲ್ವಿಚಾರಕರಿಗೂ ಪಾಲು ಕೊಡುವ ನಿಯಮ ತಂದಾಗ ಡೀಲರ್‌ಗಳು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆಯಬೇಕಾಯಿತು. ಮಾಲೀಕರು, ಮ್ಯಾನೇಜರ್‌ಗಳು ಮತ್ತು ಮೇಲ್ವಿಚಾರಕರು ನೌಕರರ ಟಿಪ್ಸ್ ಇಟ್ಟುಕೊಳ್ಳುವಂತಿಲ್ಲ ಎಂದು ಅಮೆರಿಕದ ಸಂಸತ್ತು ಕಾನೂನು ಮಾಡಿದ್ದು 2018ರಲ್ಲಿ. ಹಾಗಾಗಿ ಡಬ್ಬಿ ಒಂದಾದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಚುರುಕಿಗೆ ಬಹುಮಾನ ಬೇಕಾದರೆ ಕ್ಯಾಸಿನೊ ತನ್ನ ರೇಕ್‌ನಿಂದ ಕೊಡಲಿ. ಎಷ್ಟು ಆಟ ನಡೆಸಿದರು, ಎಷ್ಟು ತಪ್ಪಾಯಿತು ಎಂಬ ಲೆಕ್ಕ ಇಡುವುದು ಅದಕ್ಕೆ ಕಷ್ಟವಲ್ಲ. ಆಟಗಾರರ ಮರ್ಜಿಯಿಂದ ಬರುವ ಬಹುಮಾನ ಮಾತ್ರ ಚುರುಕನ್ನೂ ಓಲೈಕೆಯನ್ನೂ ಬೇರ್ಪಡಿಸಲಾರದು.

ಇದಕ್ಕೆ ಪರ್ಯಾಯ ಹೊಸದಾಗಿ ಕಂಡುಹಿಡಿಯಬೇಕಾದ್ದೂ ಅಲ್ಲ. 1970ರಿಂದ ನಡೆಯುತ್ತಿರುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಂಥ ಟೂರ್ನಿಗಳಲ್ಲಿ ಪ್ರವೇಶದ ಮೊತ್ತದಿಂದಲೇ ಸಿಬ್ಬಂದಿಗೆಂದು ಒಂದು ಪಾಲು ತೆಗೆದಿಡುತ್ತಾರೆ. ಪಾಟ್ ಗೆದ್ದಾಗಲೆಲ್ಲ ಚಿಪ್ ಸರಿಸುವ ಪದ್ಧತಿ ಅಲ್ಲಿಲ್ಲ. 2001ರಲ್ಲಿ ಹುಟ್ಟಿದ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಬೇರೆ ಬೇರೆ ಊರುಗಳ ನಿಯಮಗಳನ್ನು ಒಂದುಗೂಡಿಸಿತು. ಅದರ ಮೊದಲ ನಿಯಮವೇ ಆಟದ ಹಿತ ಮತ್ತು ನ್ಯಾಯ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಹಾಗಿದ್ದೂ ದೊಡ್ಡ ಹೆಸರಿನ ಮುಂದೆ ಅಲ್ಲೂ ನಿಯಮ ಬಾಗಿದ್ದುಂಟು. 2008ರ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯದಲ್ಲಿ ಎದುರಾಳಿಯನ್ನು ಹೀಯಾಳಿಸಿದ್ದಕ್ಕೆ ಹೆಸರಾಂತ ಆಟಗಾರ ಫಿಲ್ ಹೆಲ್ಮುತ್‌ಗೆ ಒಂದು ಸುತ್ತು ಹೊರಗುಳಿಯುವ ಶಿಕ್ಷೆ ಬಿತ್ತು. ಅದು ಜಾರಿಯಾಗುವ ಮೊದಲೇ ಟೂರ್ನಿಯ ಕಮಿಷನರ್ ಜೆಫ್ರಿ ಪೊಲಾಕ್ ರದ್ದು ಮಾಡಿದರು. ಕೆಳಗಿನವರು ಹಾಕಿದ ಶಿಕ್ಷೆಯನ್ನು ಮೇಲಿನವರು ಹೀಗೆ ಅಳಿಸಿದರೆ, ಅಲ್ಲಿದ್ದ ಪ್ರತಿಯೊಬ್ಬ ಡೀಲರ್‌ಗೂ ತಲುಪುವ ಪಾಠ ಯಾವುದು? ಕೈಕೆಳಗಿನವರ ಪಕ್ಷಪಾತದ ಬಗ್ಗೆ ತರಬೇತಿ ಕೊಡುವ ಸಂಸ್ಥೆಗಳು ಮೊದಲು ಕನ್ನಡಿಯ ಮುಂದೆ ನಿಲ್ಲಬೇಕು.

ಮನುಷ್ಯರನ್ನು ತೆಗೆದು ಯಂತ್ರ ಇಟ್ಟರೆ ಮುಗಿಯಿತಲ್ಲ ಎನ್ನುವುದು ಇನ್ನೊಂದು ಸುಲಭ ಉತ್ತರ. ಆನ್‌ಲೈನ್ ಪೋಕರ್ ಅದನ್ನೂ ಮಾಡಿ ನೋಡಿತು. 'ಅಲ್ಟಿಮೇಟ್‌ಬೆಟ್' ತಾಣದಲ್ಲಿ ಕೆಲವು ಖಾತೆಗಳಿಗೆ ಎದುರಾಳಿಗಳ ಮುಚ್ಚಿದ ಎಲೆ ಕಾಣುತ್ತಿತ್ತು ಎಂಬುದು 2008ರಲ್ಲಿ ಬಯಲಾಯಿತು. ಅದರ ಮುಖ್ಯ ಹೊಣೆಗಾರ ಎಂದು ಪರವಾನಗಿ ಕೊಟ್ಟ ಕಾನವಾಕೆ ಆಯೋಗ ಹೆಸರಿಸಿದ್ದು 1994ರ ವಿಶ್ವ ಚಾಂಪಿಯನ್ ರಸ್ ಹ್ಯಾಮಿಲ್ಟನ್‌ರನ್ನು. ಅಲ್ಲಿ ಡೀಲರೇ ಇರಲಿಲ್ಲ, ಪಕ್ಷಪಾತವನ್ನು ಸಾಫ್ಟ್‌ವೇರ್‌ನಲ್ಲೇ ಬರೆದಿಡಲಾಗಿತ್ತು. ಮೇಜಿನ ಮುಂದಿನ ಡೀಲರ್ ವಾಲಿದರೆ ಕಣ್ಣಾರೆ ಕಂಡು ಪ್ರಶ್ನಿಸಬಹುದು. ಪರದೆಯ ಹಿಂದಿನದನ್ನು ಯಾರನ್ನು ಕೇಳುವುದು?

ನಿಗಾ ಇದ್ದರೆ ವಾಲಿಕೆ ಕಡಿಮೆಯಾಗುತ್ತದೆ ಎಂಬುದಕ್ಕೆ ಬೇಸ್‌ಬಾಲ್‌ನಿಂದ ಒಳ್ಳೆಯ ಪುರಾವೆ ಇದೆ. ಅಮೆರಿಕದ ಅಂಪೈರ್‌ಗಳು ತಮ್ಮದೇ ಜನಾಂಗದ ಪಿಚರ್‌ಗಳಿಗೆ, ಅಂದರೆ ಚೆಂಡೆಸೆಯುವವರಿಗೆ, ತುಸು ಹೆಚ್ಚು ಸಲ 'ಸ್ಟ್ರೈಕ್' ಎಂಬ ಅನುಕೂಲದ ತೀರ್ಪು ಕೊಡುತ್ತಿದ್ದರೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿ ತೋರಿಸಿತು. ಪ್ರತಿ ತೀರ್ಪನ್ನೂ ಕ್ಯಾಮೆರಾ ತಾಳೆ ನೋಡುತ್ತಿದ್ದ ಮೈದಾನಗಳಲ್ಲಿ ಆ ವ್ಯತ್ಯಾಸ ಮಾಯವಾಗಿತ್ತು, ಪ್ರೇಕ್ಷಕರು ಕಿಕ್ಕಿರಿದಿದ್ದಾಗಲೂ ಕಾಣಲಿಲ್ಲ. ಯಾರೂ ಅಷ್ಟಾಗಿ ಗಮನಿಸದ ಸಣ್ಣ ತೀರ್ಪುಗಳೇ ಪಕ್ಷಪಾತದ ಮನೆ. ಪೋಕರ್ ಡೀಲರ್‌ಗಳು ಕೊಡುವ ತೀರ್ಪುಗಳೆಲ್ಲ ಅಂಥವೇ.

ನಮಗೆ ಹತ್ತಿರದ ಉದಾಹರಣೆ ಕ್ರಿಕೆಟ್. ಆತಿಥೇಯ ದೇಶದ ಅಂಪೈರ್‌ಗಳೇ ನಿಲ್ಲುತ್ತಿದ್ದ ಕಾಲದಲ್ಲಿ ಪ್ರವಾಸಿ ತಂಡಗಳ ಗೊಣಗಾಟಕ್ಕೆ ಕೊನೆಯಿರಲಿಲ್ಲ. 1986ರ ನವೆಂಬರ್‌ನಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಆಡಿದ ಟೆಸ್ಟ್‌ಗೆ ಅಂಪೈರ್‌ಗಳಾಗಿ ಹೋದವರು ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್. 1994ರಿಂದ ಪ್ರತಿ ಟೆಸ್ಟ್‌ಗೆ ಒಬ್ಬ ತಟಸ್ಥ ಅಂಪೈರ್ ಬಂದರು, 2002ರಿಂದ ಇಬ್ಬರೂ ತಟಸ್ಥರಾದರು. ಹಿಂದಿನ ಅಂಪೈರ್‌ಗಳೆಲ್ಲ ಮೋಸಗಾರರು ಎಂದು ಈ ಬದಲಾವಣೆಗಾಗಿ ಯಾರೂ ಸಾಬೀತು ಮಾಡಬೇಕಾಗಲಿಲ್ಲ. ನೇಮಕದ ರೀತಿಯೇ ಅನುಮಾನಕ್ಕೆ ಎಡೆಗೊಡುತ್ತಿತ್ತು, ಅದನ್ನೇ ಬದಲಾಯಿಸಿದರು. ಪೋಕರ್ ಕೋಣೆಗಳಿಂದ ನಾನು ಕೇಳುವುದೂ ಇಷ್ಟನ್ನೇ.

ಕರ್ನಾಟಕದಲ್ಲಿ ಕೂತು ಈ ಮಾತೇಕೆ ಎನ್ನಬಹುದು. ಪೋಕರ್ ಕೌಶಲದ ಆಟವಾದರೆ ಅದಕ್ಕೆ ಪರವಾನಗಿ ಬೇಕಿಲ್ಲ ಎಂದು 2013ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟೇ. ಆಮೇಲೆ ಬೆಂಗಳೂರಿನಲ್ಲಿ ಪೋಕರ್ ಕೋಣೆಗಳು ತೆರೆದವು. ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿ 2022ರ ಫೆಬ್ರವರಿಯಲ್ಲಿ ಬಿದ್ದುಹೋಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಆನ್‌ಲೈನ್ ಹಣದ ಆಟಗಳನ್ನೆಲ್ಲ ನಿಷೇಧಿಸಿತು, ಪೋಕರ್ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದವು. ಆ್ಯಪ್ ಮುಚ್ಚಿದ ಮಾತ್ರಕ್ಕೆ ಆಡುವ ಚಟ ಮುಚ್ಚುವುದಿಲ್ಲ. ಆಡುವವರು ಗೋವಾದ ಹಡಗಿಗೋ ಗೆಳೆಯರ ಮನೆಗೋ ಹೋಗುತ್ತಾರೆ, ಮನುಷ್ಯರು ಎಲೆ ಹಂಚುವ ಮೇಜಿಗೇ ಮರಳುತ್ತಾರೆ. ನಮ್ಮಲ್ಲಿ ಪೋಕರ್ ಬಗ್ಗೆ ನಡೆದ ಚರ್ಚೆಯೆಲ್ಲ ಇದು ಕೌಶಲವೋ ಜೂಜೋ ಎಂಬುದರ ಸುತ್ತಲೇ ಸುತ್ತಿದೆ. ಮೇಜು ನ್ಯಾಯವಾಗಿ ನಡೆಯುತ್ತದೆಯೇ ಎಂದು ಕೇಳಿದವರು ಕಡಿಮೆ. ನ್ಯಾಯವಿಲ್ಲದ ಮೇಜಿನಲ್ಲಿ ಕೌಶಲಕ್ಕೂ ಬೆಲೆಯಿಲ್ಲ.

ಮಹಾಭಾರತದ ಸಭಾಪರ್ವದಲ್ಲಿ ದುರ್ಯೋಧನನ ಪಣಕ್ಕೆ ಶಕುನಿ ದಾಳ ಹಾಕುತ್ತಾನೆ ಎಂದಾಗ ಧರ್ಮರಾಯ ಆಕ್ಷೇಪ ಎತ್ತುತ್ತಾನೆ: ಒಬ್ಬರಿಗಾಗಿ ಇನ್ನೊಬ್ಬರು ಆಡುವುದು ಸರಿಯೆನಿಸುವುದಿಲ್ಲ ಎಂದು. ಶಕುನಿಯ ದಾಳದ ಬಗ್ಗೆ ನಾವು ಎಷ್ಟೋ ಕಥೆ ಕಟ್ಟಿದ್ದೇವೆ. ದಾಳ ಹಾಕುವ ಕೈಗೂ ಹಣ ಇಡುವ ಕೈಗೂ ಇರುವ ನಂಟನ್ನು ಕುರಿತ ಈ ಪ್ರಶ್ನೆಯನ್ನು ಮಾತ್ರ ಮರೆತಿದ್ದೇವೆ. ಆ ಸಭೆಯೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಆಗಬೇಕಾದ್ದು ದೊಡ್ಡ ಕ್ರಾಂತಿಯಲ್ಲ. ಡೀಲರ್‌ಗಳಿಗೆ ಬದುಕಲು ಸಾಕಾಗುವ ಸಂಬಳವನ್ನು ರೇಕ್ ಎತ್ತುವ ಸಂಸ್ಥೆ ಕೊಡಲಿ. ಟಿಪ್ಸ್ ಒಂದೇ ಡಬ್ಬಿಗೆ ಬೀಳಲಿ, ಆ ಡಬ್ಬಿಯ ಲೆಕ್ಕ ಡೀಲರ್‌ಗಳ ಕೈಯಲ್ಲೇ ಇರಲಿ. ತಮ್ಮ ನಂಟರು, ಸ್ನೇಹಿತರು ಕೂತ ಮೇಜಿಗೆ ಡೀಲರ್‌ಗಳನ್ನು ಕಳಿಸದಿರಲಿ. ಸ್ಟ್ರಿಂಗ್ ಬೆಟ್‌ನಂಥ ತಪ್ಪಿಗೆ ಹಳಬ, ಹೊಸಬ ಎನ್ನದೆ ಒಂದೇ ಮಾತು ಬರಲಿ. ಹೊಸಬರಿಗೆ ಒಂದು ಎಚ್ಚರಿಕೆ ಕೊಟ್ಟು ಬಿಡಬೇಕೆಂದಿದ್ದರೆ ಅದನ್ನೂ ನಿಯಮವಾಗಿ ಬರೆದು ಗೋಡೆಗೆ ಹಾಕಲಿ. ಹಣದ ಜಗಳಕ್ಕೆ ಮಾತ್ರ ತೆಗೆದು ನೋಡುವ ಕ್ಯಾಮೆರಾ ದಾಖಲೆಯನ್ನು ವಾರಕ್ಕೊಮ್ಮೆ ತೀರ್ಪುಗಳನ್ನು ತಾಳೆ ನೋಡಲೂ ಬಳಸಲಿ.

ಆಟಗಾರರಿಗೂ ಒಂದು ಮಾತು. ಟಿಪ್ಸ್ ಕೊಡುವುದಿದ್ದರೆ ಗೆದ್ದ ಖುಷಿಗೆಂದು ಪಾಟ್‌ಗೊಂದು ಕೊಡಬೇಡಿ, ಎದ್ದುಹೋಗುವಾಗ ಎಲ್ಲರಿಗೂ ಸೇರಿ ಕೊಡಿ, ಸೋತ ದಿನವೂ ಕೊಡಿ. ಎಲೆ ಬೀಳಲಿಲ್ಲವೆಂದು ಡೀಲರ್ ಮೇಲೆ ಕೂಗಾಡಬೇಡಿ, ಅದು ಅವರ ಕೈಯಲ್ಲಿಲ್ಲ. ನಿಮಗೆ ಅನುಕೂಲವಾಗುವಂತೆ ಅವರು ನಿಯಮ ಸಡಿಲಿಸಿದಾಗ ಮಾತ್ರ ಸುಮ್ಮನಿರಬೇಡಿ. 'ಅದು ಸ್ಟ್ರಿಂಗ್ ಬೆಟ್, ನನ್ನದು ಬರೀ ಕಾಲ್' ಎಂದು ನೀವೇ ಹೇಳಿ.